ತಾಳ ತಪ್ಪಿದ್ದೆಲ್ಲಿ? ಸ್ಟಾರ್ಟಪ್ ಜಾಬ್ ಸೈಟು, ಒಂದು ಮ್ಯೂಸಿಕ್ ಗೇಮು, ಮತ್ತೆ ಬರದೇ ಇರೋ ಉತ್ತರ

ಕೆಲಸ ಹುಡುಕ್ತಿದ್ದ ಆ ಐದು ತಿಂಗಳು ನನ್ನ ಲ್ಯಾಪ್‌ಟಾಪಲ್ಲಿ ಯಾವಾಗ್ಲೂ ಎರಡು ಟ್ಯಾಬ್ ತೆಗೆದೇ ಇರ್ತಿತ್ತು. ಒಂದ್ರಲ್ಲಿ ಸ್ಟಾರ್ಟಪ್ ಕೆಲಸಗಳ ಸೈಟು, ಇನ್ನೊಂದ್ರಲ್ಲಿ ನಾನೇ ಬರೆದಿದ್ದ ಸಣ್ಣ ಬ್ರೌಸರ್ ಗೇಮು. ಗೇಮು ಅಂದ್ರೆ ದೊಡ್ಡದೇನಲ್ಲ, ಹಿಂದೆ ತಂಬೂರಿ ಶ್ರುತಿ ಓಡ್ತಿರುತ್ತೆ, ಆದಿತಾಳದ ಎಂಟು ಅಕ್ಷರಕ್ಕೆ ಸರಿಯಾಗಿ ಸ್ಕ್ರೀನ್ ತಟ್ಟಬೇಕು, ಸರಿಯಾದ್ರೆ ದೀಪ ಹತ್ತುತ್ತೆ ತಪ್ಪಿದ್ರೆ ಆರುತ್ತೆ, ಅಷ್ಟೇ. ರೆಸ್ಯೂಮೆಲಿ ಪ್ರಾಜೆಕ್ಟ್ ಅಂತ ತೋರ್ಸೋಕೆ ಏನಾದ್ರೂ ಬೇಕಿತ್ತಲ್ಲ, ಅದಕ್ಕೆ ಶುರು ಮಾಡಿದ್ದು. ತಮಾಷೆ ಏನಂದ್ರೆ ಗೇಮಲ್ಲಿ ತಪ್ಪು ತಟ್ಟಿದ್ರೆ ರೆಪ್ಪೆ ಬಡಿಯೋದ್ರೊಳಗೆ ಗೊತ್ತಾಗ್ತಿತ್ತು, ಪಕ್ಕದ ಟ್ಯಾಬಲ್ಲಿ ಅಪ್ಲೈ ಮಾಡಿದ್ದು ಮಾತ್ರ ಮೂರು ತಿಂಗಳಾದ್ರೂ "ಅಪ್ಲಿಕೇಶನ್ ಸೆಂಟ್" ಅಂತಲೇ ಕೂತಿರ್ತಿತ್ತು.

ಎರಡನ್ನೂ ಮೂರು ಹೊತ್ತು ನೋಡ್ತಾ ನೋಡ್ತಾ ಒಂದು ವಿಷ್ಯ ತಲೆಗೆ ಹತ್ತಿತು. ತಪ್ಪಾಗಿದೆ ಅಂತ ಗೊತ್ತಾದ್ರೆ ಸಾಲದು, ಎಲ್ಲಿ ತಪ್ಪಿತು ಅಂತ ಗೊತ್ತಾಗ್ಬೇಕು. ಗೇಮ್ ಮಾಡೋರು ಇದಕ್ಕೊಂದು ದಾರಿ ಕಂಡ್ಕೊಂಡಿದಾರೆ. ಕೆಲಸದ ಸೈಟುಗಳು ಕಂಡ್ಕೊಂಡಿಲ್ಲ, ಕಂಡ್ಕೊಳ್ಳೋಕೆ ಅವಕ್ಕೆ ಕಾರಣಾನೂ ಇಲ್ಲ. ಯಾಕೆ ಅಂತ ಬಿಡಿಸಿ ನೋಡೋಣ, ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ಮೊದ್ಲು ಗೇಮ್ ಕತೆ. ಲಿಂಕನ್ನ ನಾಲ್ಕೈದು ವಾಟ್ಸಾಪ್ ಗ್ರೂಪಿಗೆ ಹಾಕಿದೆ, ಹಳೇ ಆಫೀಸಿನೋರು, ಕಾಲೇಜಿನೋರು, ನೆಂಟ್ರು, ಎಲ್ಲಾ ಸೇರಿ ಒಂದು ನಲವತ್ತು ಜನ ಆಡಿರಬಹುದು. ಬಂದ ಉತ್ತರ ಹೀಗಿದ್ವು. "ಸೂಪರ್ ಮಗಾ." "ಸೌಂಡೇ ಬರ್ತಿಲ್ವಲ್ಲೋ." "ತುಂಬಾ ಕಷ್ಟ ಗುರು, ಈಸಿ ಮೋಡ್ ಕೊಡು." "ಇದು ಮೋಸ, ನಾನು ಸರಿಯಾಗೇ ತಟ್ಟಿದೀನಿ." ಇವೆಲ್ಲಾ ಆದ್ಮೇಲೆ ಮೈಸೂರಿಂದ ನಮ್ಮತ್ತೆ ಒಂದು ವಾಯ್ಸ್ ಮೆಸೇಜ್ ಕಳ್ಸಿದ್ರು, ಅವರು ಮಕ್ಕಳಿಗೆ ಸಂಗೀತ ಪಾಠ ಹೇಳೋರು: "ಮೊದಲ್ನೇ ಎರಡು ಮೂರು ಆವರ್ತ ಸರಿಯಾಗಿರುತ್ತೆ ಕಣೋ, ಆಮೇಲೆ ನಿಧಾನಕ್ಕೆ ಜಾರುತ್ತೆ, ಆರನೇ ಆವರ್ತದ ಕೊನೇ ಹುಸಿ ಬರೋ ಹೊತ್ತಿಗೆ ನಿನ್ನ ದೀಪ ಎಲ್ಲೋ ನನ್ನ ಕೈ ಎಲ್ಲೋ."

ತಾಳ ಗೊತ್ತಿಲ್ಲದೋರಿಗೆ ಒಂದ್ಮಾತು. ಆದಿತಾಳ ಅಂದ್ರೆ ಒಂದು ಲಘು ಎರಡು ದ್ರುತ, 4+2+2, ಒಟ್ಟು ಎಂಟು. ಲಘುವಿಗೆ ಒಂದು ಪೆಟ್ಟು, ಮೂರು ಬೆರಳೆಣಿಕೆ. ದ್ರುತಕ್ಕೆ ಒಂದು ಪೆಟ್ಟು ಒಂದು ಹುಸಿ, ಹುಸಿ ಅಂದ್ರೆ ಅಂಗೈ ಮೇಲ್ಮುಖ ಮಾಡೋದು. ಎಂಟೂ ಮುಗಿದ್ರೆ ಒಂದು ಆವರ್ತ. ಹಾಗಾಗಿ "ಆರನೇ ಆವರ್ತದ ಕೊನೇ ಹುಸಿ" ಅಂದ್ರೆ ಸರಿಯಾಗಿ 48ನೇ ತಟ್ಟು. ಅಷ್ಟು ಕರಾರುವಾಕ್ಕಾಗಿ ಹೇಳಿದ್ದು ಅವರೊಬ್ರೇ.

ಈಗ ಒಂದೊಂದೇ ಉತ್ತರ ಬಿಡಿಸೋಣ. "ಸೌಂಡೇ ಬರ್ತಿಲ್ಲ" ಅಂದಿದ್ದು ಅವನ ಫೋನ್ ತಪ್ಪೂ ಅಲ್ಲ, ನನ್ನ ಫೈಲ್ ತಪ್ಪೂ ಅಲ್ಲ. ತೆಗೆದ ತಕ್ಷಣ ಜಾಹೀರಾತು ಕಿರುಚೋ ಪೇಜುಗಳ ಕಾಟ ತಪ್ಸೋಕೆ ಅಂತ ಕ್ರೋಮ್ 2018ರಿಂದ ಒಂದು ನಿಯಮ ತಂತು, ನೀವು ಪೇಜನ್ನ ಒಂದ್ಸಲನಾದ್ರೂ ಮುಟ್ಟೋ ತನಕ ಸಾಮಾನ್ಯವಾಗಿ ಸದ್ದು ಹೊರಡೋ ಹಾಗಿಲ್ಲ. ನಾನು ಪೇಜ್ ತೆಗೆದ ಕೂಡ್ಲೇ ಶ್ರುತಿ ಶುರು ಮಾಡೋಕೆ ಹೋಗಿದ್ದೆ, ಬ್ರೌಸರ್ ಬಾಯಿ ಮುಚ್ಚಿಸಿತ್ತು. ಐಫೋನಿನೋರದ್ದು ಇನ್ನೊಂದು ಕತೆ, ಪಕ್ಕದಲ್ಲಿರೋ ಸೈಲೆಂಟ್ ಬಟನ್ ಒತ್ತಿದ್ರೆ ಬ್ರೌಸರ್ ಗೇಮಿನ ಸದ್ದೂ ಸೇರಿ ಹೋಗಿಬಿಡುತ್ತೆ, ಆದ್ರೆ ಅದೇ ಫೋನಲ್ಲಿ ವಿಡಿಯೋ ಸೌಂಡ್ ಬರ್ತಿರುತ್ತೆ, ಹಂಗಾಗಿ ಜನ ನನ್ನ ಗೇಮೇ ಕೆಟ್ಟಿದೆ ಅಂತಾರೆ. ಪರಿಹಾರ ಏನು, "ಶುರು" ಅಂತ ಒಂದು ದೊಡ್ಡ ಬಟನ್, ಕೆಳಗೆ "ಸೈಲೆಂಟ್ ತೆಗೀರಿ" ಅಂತ ಒಂದು ಸಾಲು.

"ಈಸಿ ಮೋಡ್ ಕೊಡು" ಅನ್ನೋದು ಇನ್ನೂ ಮಜವಾಗಿದೆ. ಕೇಳಿದೋನು ಬ್ಲೂಟೂತ್ ಇಯರ್‌ಬಡ್ ಹಾಕ್ಕೊಂಡು ಆಡಿದ್ದ. ಬ್ಲೂಟೂತಲ್ಲಿ ಸದ್ದನ್ನ ಮೊದ್ಲು ಕುಗ್ಗಿಸಿ, ಕಳಿಸಿ, ಆ ಕಡೆ ಮತ್ತೆ ಬಿಚ್ಚಿ, ತುಂಡಾಗದ ಹಾಗೆ ಸ್ವಲ್ಪ ಕೂಡಿಟ್ಕೊಂಡು ಆಮೇಲೆ ಕಿವಿಗೆ ಬಿಡ್ತಾರೆ, ಇಷ್ಟಕ್ಕೆ ಮಾಮೂಲಿ ಇಯರ್‌ಬಡ್‌ಗಳಲ್ಲಿ 150ರಿಂದ 250 ಮಿಲಿಸೆಕೆಂಡ್ ಹಿಡಿಯೋದು ಸಾಮಾನ್ಯ. ಸಿನಿಮಾ ಡೈಲಾಗ್ ಕೇಳೋವಾಗ ಇದು ಗೊತ್ತೇ ಆಗಲ್ಲ, ಯಾಕಂದ್ರೆ ವಿಡಿಯೋ ಪ್ಲೇಯರ್ ಚಿತ್ರವನ್ನೂ ಅಷ್ಟೇ ತಡಮಾಡಿ ತೋರ್ಸಿ ಹೊಂದಿಸಿಬಿಡುತ್ತೆ. ಗೇಮಲ್ಲಿ ಹಾಗೆ ಮಾಡೋಕಾಗಲ್ಲ, ಬೆರಳು ನಿಮ್ದು. ನಿಮಿಷಕ್ಕೆ 120 ತಟ್ಟು ಅಂದ್ರೆ ಒಂದಕ್ಕೂ ಇನ್ನೊಂದಕ್ಕೂ ಮಧ್ಯೆ 500 ಮಿಲಿಸೆಕೆಂಡ್, ನಾನು ಹಿಂದೆ ಮುಂದೆ 60 ತನಕ ಮಾಫಿ ಕೊಟ್ಟಿದ್ದೆ, ಅವನ ಕಿವಿಗೇ ಸದ್ದು 200 ತಡವಾಗಿ ಬಂದ್ರೆ ಅವನು ಎಷ್ಟು ಚೆನ್ನಾಗಿ ತಟ್ಟಿದಷ್ಟೂ ನನ್ನ ಲೆಕ್ಕದಲ್ಲಿ ತಪ್ಪೇ. ಜಾತ್ರೆಲಿ ತೇರಿನ ಮುಂದೆ ಡೊಳ್ಳು ಹೊಡೆಯೋದನ್ನ ದೂರದಿಂದ ನೋಡಿದೀರಲ್ಲ, ಕೋಲು ಬೀಳೋದು ಮೊದ್ಲು ಕಾಣುತ್ತೆ ಸದ್ದು ಆಮೇಲೆ ಬರುತ್ತೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ಹಾಗಾಗಿ 200 ಮಿಲಿಸೆಕೆಂಡ್ ಅಂದ್ರೆ ಆ ಡೊಳ್ಳು 68 ಮೀಟರ್ ಆಚೆ ಇದ್ದ ಹಾಗೆ. ಅಷ್ಟು ದೂರ ನಿಂತು ತಾಳ ಹಾಕು ಅಂತ ನಾನು ಅವನಿಗೆ ಹೇಳಿದ್ದೆ. ಅವನು ಕೇಳಿದ್ದು ಈಸಿ ಮೋಡು. ನಾನು ಅದನ್ನ ನಂಬ್ಕೊಂಡು ಈಸಿ ಮೋಡ್ ಬರೆದಿದ್ರೆ ಎರಡು ವಾರ ಹಾಳು, ಸಮಸ್ಯೆ ಹಾಗೇ ಉಳೀತಿತ್ತು. ನೋವು ಅವನು ಹೇಳಿದ್ದು ನಿಜ, ಮದ್ದು ಹೇಳಿದ್ದು ತಪ್ಪು. ಯೂಸರ್ ಫೀಡ್‌ಬ್ಯಾಕ್ ಓದೋವಾಗ ನೂರಕ್ಕೆ ತೊಂಬತ್ತು ಸಲ ಹೀಗೇ ಆಗುತ್ತೆ ಅಂತ ನನ್ನ ಅನಿಸಿಕೆ.

ಅತ್ತೆ ಹೇಳಿದ್ದು ಇದಲ್ಲ ಅನ್ನೋದನ್ನ ಗಮನಿಸಿ. ಬ್ಲೂಟೂತಾಗಿದ್ರೆ ಮೊದಲ್ನೇ ತಟ್ಟಿಂದಲೇ ಒಂದೇ ಅಳತೆಗೆ ಹಿಂದೆ ಬೀಳ್ಬೇಕಿತ್ತು. ಅವರಿಗೆ ಶುರುವಲ್ಲಿ ಸರಿ ಇದ್ದು ಬರ್ತಾ ಬರ್ತಾ ಜಾರಿದೆ. ಇದು ನನ್ನ ಕೋಡಿನ ಪಾಪ. ಪ್ರತಿ ತಟ್ಟು ಆದ್ಮೇಲೆ "ಇನ್ನು 500 ಮಿಲಿಸೆಕೆಂಡ್ ಬಿಟ್ಟು ಎಬ್ಬಿಸು" ಅಂತ ಬ್ರೌಸರಿನ ಟೈಮರಿಗೆ ಹೇಳಿದ್ದೆ, ಆ ಟೈಮರ್ ಕೈಲಿ ಬೇರೆ ಕೆಲ್ಸ ಇದ್ರೆ ಅದು ಮುಗಿಸ್ಕೊಂಡೇ ಬರೋದು, 500 ಅಂದ್ರೆ 504ಕ್ಕೆ ಬರುತ್ತೆ. ನಾಲ್ಕು ಮಿಲಿಸೆಕೆಂಡ್ ಯಾರಿಗೂ ಗೊತ್ತಾಗಲ್ಲ ಬಿಡಿ, ಆದ್ರೆ ಪ್ರತಿ ಸಲ ಹಿಂದಿನ ತಡದ ಮೇಲೆ ಹೊಸ ತಡ ಕೂತ್ಕೊಂಡು 48ನೇ ತಟ್ಟಿಗೆ 188 ಆಗಿರುತ್ತೆ. ಅತ್ತೆಗೆ ಕೋಡ್ ಗೊತ್ತಿಲ್ಲ, ಕೋಡಿನ ಯಾವ ಸಾಲು ತಪ್ಪು ಅಂತ ಹೇಳಿದ್ದು ಮಾತ್ರ ಅವರೇ.

ಸರಿ ಮಾಡೋ ದಾರಿ ಇಷ್ಟೇ. ಬ್ರೌಸರಲ್ಲಿ ಸದ್ದಿಗೆ ಅಂತಲೇ ಬೇರೆ ಗಡಿಯಾರ ಇರುತ್ತೆ, ಸೌಂಡ್ ಹಾರ್ಡ್‌ವೇರ್ ಜೊತೆ ಓಡೋದು, ತಟ್ಟುಗಳನ್ನೆಲ್ಲ ಆ ಗಡಿಯಾರದ ಶುರುವಿಂದ ಎಣಿಸಿ ಸ್ವಲ್ಪ ಮುಂಚೇನೇ ಗೊತ್ತು ಮಾಡಿಡ್ಬೇಕು, ಹಿಂದಿನ ತಟ್ಟಿಂದ ಎಣಿಸಬಾರ್ದು. ಇನ್ನು ಬ್ಲೂಟೂತಿನೋರಿಗೆ, ಆಟಕ್ಕೆ ಮುಂಚೆ ಹದಿನಾರು ಸಲ ಸುಮ್ನೆ ತಾಳಕ್ಕೆ ತಟ್ಟಿಸ್ಕೊಂಡು ಅವರು ಎಷ್ಟು ಹಿಂದೆ ಬೀಳ್ತಾರೆ ಅಂತ ಅಳೆದು ಅಷ್ಟನ್ನ ಕಳೀಬೇಕು. ಇಲ್ಲಿ ಸರಾಸರಿ ತಗೋಬೇಡಿ, ಮಧ್ಯಾಂಕ ತಗೊಳ್ಳಿ (ಚಿಕ್ಕದ್ರಿಂದ ದೊಡ್ಡದಕ್ಕೆ ಜೋಡಿಸಿದ್ರೆ ನಟ್ಟನಡುವೆ ಬರೋ ಅಂಕಿ), ಮಧ್ಯದಲ್ಲಿ ಯಾರೋ ಬಾಗಿಲು ತಟ್ಟಿ ಒಂದು ತಟ್ಟು ಪೂರ್ತಿ ತಪ್ಪಿದ್ರೆ ಸರಾಸರಿ ಎಕ್ಕುಟ್ಟೋಗುತ್ತೆ.

ಹಾಗಾಗಿ ತಾಳ ತಪ್ಪೋದ್ರಲ್ಲಿ ಮೂರು ಜಾತಿ. ಯಾವಾಗ್ಲೂ ಒಂದೇ ಅಳತೆಗೆ ತಪ್ಪೋದು, ಅದು ಹೊಂದಿಸಿದ್ರೆ ಸರಿಹೋಗುತ್ತೆ. ಬರ್ತಾ ಬರ್ತಾ ಜಾರೋದು, ಅದು ಲೆಕ್ಕ ಹಾಕೋ ರೀತೀಲೇ ತಪ್ಪು. ಒಂದ್ಸಲ ಹಿಂದೆ ಒಂದ್ಸಲ ಮುಂದೆ ಅಂತ ಅಡ್ಡಾದಿಡ್ಡಿ ತಪ್ಪೋದು, ಅದಕ್ಕೆ ಹಳೇ ಫೋನು, ಹೀಟಾಗಿರೋ ಪ್ರೊಸೆಸರು, ಇಲ್ಲಾ ಆಡೋನ ಕೈಯೇ ಕಾರಣ. ಈ ಮೂರನ್ನ ತಲೇಲಿಟ್ಕೊಳ್ಳಿ, ಕೆಲಸದ ವಿಷ್ಯಕ್ಕೆ ಬಂದಾಗ ಬೇಕಾಗುತ್ತೆ.

ಅತ್ತೆ ಮಾಡಿದ್ದನ್ನ ಒಂದು ವ್ಯವಸ್ಥೆಯಾಗೇ ಮಾಡಿರೋ ಗೇಮೊಂದಿದೆ, ಓಸು ಅಂತ. ಆಸ್ಟ್ರೇಲಿಯಾದ ಡೀನ್ ಹರ್ಬರ್ಟ್ 2007ರಲ್ಲಿ ಬಿಟ್ಟಿದ್ದು, ಆಡೋರ ವಲಯದಲ್ಲಿ ಅವರ ಹೆಸರು ಪೆಪ್ಪಿ. ಹಾಡು ಓಡ್ತಿರುತ್ತೆ, ಸ್ಕ್ರೀನ್ ಮೇಲೆ ಬರೋ ವೃತ್ತಗಳನ್ನ ತಾಳಕ್ಕೆ ಸರಿಯಾಗಿ ಒತ್ತಬೇಕು, ಪುಕ್ಕಟೆ ಆಟ. ಎಷ್ಟು ಸರಿಯಾಗಿ ಒತ್ತಿದ್ರಿ ಅನ್ನೋದಕ್ಕೆ ಅವರ ಹತ್ರ ಬಹಿರಂಗ ಸೂತ್ರಾನೇ ಇದೆ. ಕಷ್ಟದ ಮಟ್ಟ 0ಯಿಂದ 10, ಪೂರ್ತಿ 300 ಅಂಕ ಬೇಕು ಅಂದ್ರೆ 80ರಲ್ಲಿ ಆ ಮಟ್ಟದ ಆರು ಪಟ್ಟು ಕಳೆದಷ್ಟು ಮಿಲಿಸೆಕೆಂಡಿನೊಳಗೆ ಒತ್ತಿರ್ಬೇಕು. ಮಟ್ಟ 5 ಆದ್ರೆ ಹಿಂದೆ ಮುಂದೆ 50, ಮಟ್ಟ 10 ಆದ್ರೆ ಬರೀ 20. ತಪ್ಪಿದ್ರೆ 100, ಇನ್ನೂ ತಪ್ಪಿದ್ರೆ 50 ಅಂಕ. ನೀವು ಯಾಕೆ ಸೋತ್ರಿ ಅನ್ನೋದ್ರಲ್ಲಿ ಗುಟ್ಟೇ ಇಲ್ಲ.

ಆದ್ರೆ ನಂಗೆ ಅದಕ್ಕಿಂತ ಹಿಡಿಸಿದ್ದು ಇನ್ನೊಂದು. ಆ ಗೇಮಲ್ಲಿ ಯಾವ ವೃತ್ತ ಎಲ್ಲಿ ಯಾವಾಗ ಬರ್ಬೇಕು ಅನ್ನೋ ನಕ್ಷೆಗಳನ್ನ ಮಾಡೋದು ಆಡೋ ಜನಾನೇ, ಬೀಟ್‌ಮ್ಯಾಪ್ ಅಂತಾರೆ. ಒಬ್ಬ ಮಾಡಿದ ನಕ್ಷೆ ಅಧಿಕೃತ ಪಟ್ಟಿಗೆ ಸೇರ್ಬೇಕು ಅಂದ್ರೆ ಬೇರೆಯೋರು ಅದನ್ನ ತಿದ್ದಬೇಕು, ಅದಕ್ಕೆ ಮಾಡಿಂಗ್ ಅನ್ನೋ ಹೆಸರು. ತಿದ್ದೋದು ಅಂದ್ರೆ "ಚೆನ್ನಾಗಿಲ್ಲ" ಅಂತ ಉಗಿದು ಹೋಗೋದಲ್ಲ. ಹಾಡಿನ ಎಷ್ಟನೇ ನಿಮಿಷ, ಎಷ್ಟನೇ ಸೆಕೆಂಡು, ಎಷ್ಟನೇ ಮಿಲಿಸೆಕೆಂಡು, ಎಷ್ಟನೇ ವೃತ್ತ ಅಂತ ಗುರುತು ಹಾಕಿ ಅಲ್ಲಿ ಏನು ತೊಂದ್ರೆ ಅಂತ ಬರೀಬೇಕು, ಮಾಡಿದೋನು ಆ ಗುರುತನ್ನ ಒತ್ತಿದ್ರೆ ಎಡಿಟರಲ್ಲಿ ಸೀದಾ ಆ ಜಾಗಕ್ಕೇ ಹೋಗಿ ನಿಲ್ಲುತ್ತೆ. ಜೊತೆಗೆ ಬರೆಯೋದು ಯಾವ ಥರದ್ದು ಅಂತಲೂ ಹೇಳ್ಬೇಕು: ಸಮಸ್ಯೆ, ಸಲಹೆ, ಹೊಗಳಿಕೆ, ಹೀಗೆ. ಸಮಸ್ಯೆಗಳು ಬಗೆಹರಿದ ಮೇಲೆ ನಾಮಿನೇಟರುಗಳು, ಅಂದ್ರೆ ಪಟ್ಟಿಗೆ ಸೇರ್ಸಬಹುದು ಅಂತ ಪರೀಕ್ಷಿಸಿ ಹೇಳೋರು, ಒಪ್ಪಬೇಕು, ಒಬ್ರಲ್ಲ ಇಬ್ರು, ಆಮೇಲೂ ಸುಮಾರು ಒಂದು ವಾರ ಎಲ್ಲರ ಕಣ್ಣಿಗೆ ಬೀಳೋ ಹಾಗೆ ಇಟ್ಟು ಆಮೇಲೆ ಪಟ್ಟಿಗೆ. ಉಪಯೋಗಕ್ಕೆ ಬಂದ ತಿದ್ದುಪಡಿಗೆ ಕುಡೋಸು ಅಂತ ಪಾಯಿಂಟೂ ಸಿಗುತ್ತೆ. ದುಡ್ಡಲ್ಲ, ಬರೀ ಪಾಯಿಂಟು. ಅಷ್ಟಕ್ಕೇ ಜನ ಗಂಟೆಗಟ್ಲೆ ಕೂತು ಬೇರೆಯೋರ ಕೆಲ್ಸ ತಿದ್ತಾರೆ. ಹೊಗಳಿಕೆಗೂ ಒಂದು ಗೂಡು ಮಾಡಿಟ್ಟಿರೋದು ಜಾಣತನ ಅಂತೀನಿ, "ಸೂಪರ್ ಮಗಾ" ಬೇಕೇ ಬೇಕು ಮನುಷ್ಯನಿಗೆ, ಆದ್ರೆ ಅದು ಸಮಸ್ಯೆಗಳ ಮಧ್ಯೆ ಬಂದು ಕೂರಬಾರ್ದು.

ಈಗ ಪಕ್ಕದ ಟ್ಯಾಬಿಗೆ ಬರೋಣ.

ಕೆಲಸದ ಸೈಟು ಅಂದ್ರೆ ಸಂತೆ ಇದ್ದ ಹಾಗೆ, ಎರಡು ಕಡೆಯೋರೂ ಬರ್ಬೇಕು. ಕಂಪನಿ ಇಲ್ದಿದ್ರೆ ಜನ ಬರಲ್ಲ, ಜನ ಇಲ್ದಿದ್ರೆ ಕಂಪನಿ ಬರಲ್ಲ. ಹಾಗಾಗಿ ಯಾರಾದ್ರೂ ಒಬ್ರಿಗೆ ಪುಕ್ಕಟೆ ಮಾಡ್ಲೇಬೇಕು, ಬಹುತೇಕ ಎಲ್ಲಾ ಕಡೆ ಪುಕ್ಕಟೆ ಇರೋದು ನಮಗೆ. 1997ರಲ್ಲಿ ಸಂಜೀವ್ ಬಿಖ್‌ಚಂದಾನಿ ಶುರು ಮಾಡಿದ ನೌಕ್ರಿ ಡಾಟ್ ಕಾಮನ್ನೇ ತಗೊಳ್ಳಿ, ಕಂಪನಿಗಳು ಅಲ್ಲಿ ದುಡ್ಡು ಕೊಡೋದು ಕೆಲ್ಸದ ಜಾಹೀರಾತಿಗೆ, ಅದಕ್ಕಿಂತ ಮುಖ್ಯವಾಗಿ ನಮ್ಮ ರೆಸ್ಯೂಮೆಗಳ ರಾಶೀಲಿ ಹುಡುಕೋ ಹಕ್ಕಿಗೆ, ಅದಕ್ಕೆ ರೆಸ್‌ಡೆಕ್ಸ್ ಅಂತ ಹೆಸರು. "ಪ್ರೊಫೈಲ್ ದಿನಾ ಅಪ್‌ಡೇಟ್ ಮಾಡು, ಒಂದು ಫುಲ್‌ಸ್ಟಾಪ್ ಆದ್ರೂ ತೆಗ್ದು ಹಾಕು" ಅಂತ ಸೀನಿಯರುಗಳು ಹೇಳ್ತಾರಲ್ಲ, ಅದರ ಗುಟ್ಟು ಇದೇ, ಹುಡುಕೋರು ಇತ್ತೀಚೆಗೆ ಯಾರು ಚುರುಕಾಗಿದಾರೆ ಅಂತ ಜಾಲರಿ ಹಾಕಿ ಸೋಸ್ತಾರೆ. ಅಂಗಡೀಲಿ ಮಾಲು ನಾವು, ಗಿರಾಕಿ ಅವರು. ಮಾಲಿಗೆ "ನಿನ್ನನ್ನ ಯಾಕೆ ಕೊಳ್ಳಲಿಲ್ಲ" ಅಂತ ಯಾವ ಅಂಗಡಿಯೋನೂ ಬಂದು ಹೇಳಲ್ಲ.

ಸ್ಟಾರ್ಟಪ್ಪಿಗೆ ಅಂತಲೇ ಬೇರೆ ಸೈಟು ಯಾಕೆ ಬೇಕಾಯ್ತು ಅಂದ್ರೆ, ಎಂಟು ಜನರ ಕಂಪನಿ ದೊಡ್ಡ ಸೈಟಲ್ಲಿ ದೊಡ್ಡ ಐಟಿ ಕಂಪನಿಗಳ ಮಧ್ಯೆ ಕಾಣಿಸೋದೇ ಇಲ್ಲ, ಹೆಸರೂ ಯಾರಿಗೂ ಗೊತ್ತಿರಲ್ಲ, ಸಂಬಳ ಕಮ್ಮಿ ಕೊಟ್ಟು ಕಂಪನಿಲೇ ಪಾಲು ಕೊಡ್ತೀವಿ ಅಂತಾರೆ, ಆ ಪಾಲನ್ನ ತೋರ್ಸೋಕೆ ಹಳೇ ಫಾರ್ಮಲ್ಲಿ ಜಾಗಾನೇ ಇಲ್ಲ. 2010ರಲ್ಲಿ ನವಲ್ ರವಿಕಾಂತ್ ಮತ್ತೆ ಬಾಬಕ್ ನಿವಿ ಶುರು ಮಾಡಿದ ಏಂಜೆಲ್‌ಲಿಸ್ಟು ಮೊದ್ಲು ಸ್ಟಾರ್ಟಪ್ಪುಗಳಿಗೂ ಹೂಡಿಕೆ ಮಾಡೋರಿಗೂ ಗಂಟು ಹಾಕ್ತಿತ್ತು, ಆಮೇಲೆ ಕೆಲ್ಸ ಹುಡುಕೋರಿಗೂ ಬಾಗಿಲು ತೆಗೀತು, ಆ ಕೆಲ್ಸದ ಭಾಗಕ್ಕೆ 2022ರಲ್ಲಿ ವೆಲ್‌ಫೌಂಡ್ ಅಂತ ಹೊಸ ಹೆಸರು ಬಂತು. ಅಲ್ಲಿ ಸಂಬಳದ ಅಂದಾಜು, ಪಾಲಿನ ಅಂದಾಜು ಮೊದಲೇ ಕಾರ್ಡಿನ ಮೇಲೆ ಕಾಣೋ ಹಾಗೆ ಇಟ್ಟಿದ್ದು ದೊಡ್ಡ ವಿಷ್ಯ. ವೈ ಕಾಂಬಿನೇಟರಿನೋರದ್ದು ವರ್ಕ್ ಅಟ್ ಎ ಸ್ಟಾರ್ಟಪ್ ಅಂತ ಇದೆ, ಒಂದೇ ಪ್ರೊಫೈಲಿಂದ ಅವರು ದುಡ್ಡು ಹಾಕಿರೋ ಕಂಪನಿಗಳಿಗೆಲ್ಲ ಅಪ್ಲೈ ಮಾಡಬಹುದು, ಎಷ್ಟೋ ಕಡೆ ಓದೋದು ಎಚ್ಆರ್ ಅಲ್ಲ, ಕಂಪನಿ ಕಟ್ಟಿದೋನೇ. ನಮ್ಮ ಬೆಂಗಳೂರಿನ ಹ್ಯಾಸ್‌ಗೀಕಿನೋರದ್ದು ಹ್ಯಾಸ್‌ಜಾಬ್ ಅಂತ ಇತ್ತು, ಅದರ ಕೋಡೂ ಬಹಿರಂಗ, ಯಾರು ಬೇಕಾದ್ರೂ ನೋಡಬಹುದಿತ್ತು. ಇವೆಲ್ಲ ಬಂದು ಕಂಪನಿಯ ವಿವರ ನಮಗೆ ಜಾಸ್ತಿ ಸಿಗೋ ಹಾಗಾಯ್ತು ನಿಜ, ನಾವು ಯಾಕೆ ಬೇಡ ಆದ್ವಿ ಅನ್ನೋ ವಿವರ ಮಾತ್ರ ಅಲ್ಲೂ ಇಲ್ಲ.

ಒಂದು ತಪ್ಪು ತಿಳುವಳಿಕೆ ಮೊದ್ಲು ತೆಗ್ದುಬಿಡೋಣ. ರೆಸ್ಯೂಮೆಯನ್ನ ಯಾವುದೋ ರೋಬೋಟ್ ಓದಿ ಹರಿದು ಬಿಸಾಕುತ್ತೆ ಅಂತ ತುಂಬಾ ಜನ ನಂಬಿದಾರೆ. ಕಂಪನಿಗಳು ಬಳಸೋ ಎಟಿಎಸ್ ಅನ್ನೋ ಸಾಫ್ಟ್‌ವೇರ್ ಹೆಚ್ಚಾಗಿ ಒಂದು ರಿಜಿಸ್ಟರ್ ಇದ್ದ ಹಾಗೆ, ಯಾರು ಬಂದ್ರು, ಯಾವ ಹಂತದಲ್ಲಿದಾರೆ ಅಂತ ಬರೆದಿಡುತ್ತೆ, ಈಚೆಗೆ ಕೆಲವು ಅಂಕಾನೂ ಕೊಡ್ತವೆ. ತಾನಾಗೇ ಹೊರಗೆ ಹಾಕೋದು ಬಹುಪಾಲು ಫಾರ್ಮಲ್ಲಿ ಕೇಳೋ ನೇರ ಪ್ರಶ್ನೆಗಳಿಂದ. ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಮೇಲೂ ಹಳೇ ಕಂಪನಿಲಿ ಇರ್ಬೇಕಾದ ದಿನ) ಎಷ್ಟು? 90 ದಿನ ಅಂತ ಒತ್ತಿದ್ರಿ, ಅವರಿಗೆ 30ರೊಳಗೆ ಬೇಕು, ಮುಗೀತು, ನಿಮ್ಮ ರೆಸ್ಯೂಮೆ ಯಾರೂ ತೆಗೆದೂ ನೋಡಿರಲ್ಲ. ನೀವು ಮನೇಲಿ ಕೂತು ನಂಗೆ ಡೇಟಾ ಸ್ಟ್ರಕ್ಚರ್ ಬರಲ್ಲ ಅಂತ ಕೊರಗ್ತಿರ್ತೀರಿ. ಇನ್ನೊಂದು, ಎರಡು ಕಾಲಮ್ಮಿನ ಬಣ್ಣಬಣ್ಣದ ರೆಸ್ಯೂಮೆ ಮಾಡಿದ್ರೆ ಆ ಸಾಫ್ಟ್‌ವೇರ್ ಅದನ್ನ ಬಿಡಿಸೋವಾಗ ನಿಮ್ಮ ಕಾಲೇಜಿನ ಹೆಸರೂ ಹಳೇ ಕಂಪನಿ ಹೆಸರೂ ಕಲಸಿ ಚಿತ್ರಾನ್ನ ಆಗಿರಬಹುದು. ಸಾದಾ ಒಂದು ಕಾಲಮ್ಮೇ ಸಾಕು.

ಇನ್ನು ಇಲ್ಲದೇ ಇರೋ ಕೆಲ್ಸಗಳು. ಪೋಸ್ಟ್ ಇದೆ, ಕೆಲ್ಸ ಇಲ್ಲ. ಕೆಲವು ಸಲ ಫಂಡಿಂಗ್ ನಿಂತು ನೇಮಕಾತಿ ನಿಲ್ಸಿರ್ತಾರೆ, ಪೋಸ್ಟ್ ತೆಗೆಯೋಕೆ ಯಾರಿಗೂ ನೆನಪಿರಲ್ಲ. ಕೆಲವು ಸಲ ಒಳಗಿನೋರನ್ನೇ ಗೊತ್ತು ಮಾಡಿರ್ತಾರೆ. ಕೆಲವ್ರು "ಮುಂದೆ ಬೇಕಾದ್ರೆ ಇರ್ಲಿ" ಅಂತ ರೆಸ್ಯೂಮೆ ಕೂಡಿಡ್ತಾರೆ. ಬೇರೆ ಸೈಟಿಂದ ಎತ್ಕೊಂಡು ಹಾಕಿದ ಹಳಸಲು ಪೋಸ್ಟುಗಳಂತೂ ಲೆಕ್ಕಕ್ಕೇ ಇಲ್ಲ. ಕಂಪನಿಯ ಸ್ವಂತ ಸೈಟಲ್ಲಿ ಆ ಕೆಲ್ಸ ಇದೆಯಾ ಅಂತ ಒಂದ್ಸಲ ನೋಡಿದ್ರೆ ಅರ್ಧ ಕಸ ಜರಡಿ ಹಿಡಿದ ಹಾಗಾಗುತ್ತೆ. ಲ್ಯಾಪ್‌ಟಾಪ್ ಡೆಪಾಸಿಟ್ಟು, ಟ್ರೇನಿಂಗ್ ಫೀಸು ಅಂತ ದುಡ್ಡು ಕೇಳಿದ್ರೆ ಅದು ಕೆಲ್ಸಾನೇ ಅಲ್ಲ, ಎದ್ದು ಬನ್ನಿ. ಕೆನಡಾದ ಒಂಟಾರಿಯೊದಲ್ಲಿ 2026ರ ಜನವರಿ 1ರಿಂದ ಕಾನೂನೇ ಬಂದಿದೆ, 25 ಜನಕ್ಕಿಂತ ಕಮ್ಮಿ ಇಲ್ಲದ ಕಂಪನಿ ಕೆಲ್ಸದ ಜಾಹೀರಾತು ಹಾಕಿದ್ರೆ ಅದು ನಿಜವಾಗ್ಲೂ ಖಾಲಿ ಇದೆಯಾ ಅಂತ ಹೇಳ್ಬೇಕು, ಇಂಟರ್‌ವ್ಯೂ ಕೊಟ್ಟೋರಿಗೆ 45 ದಿನದೊಳಗೆ ಏನಾಯ್ತು ಅಂತ ತಿಳಿಸ್ಬೇಕು. ಟೊರಾಂಟೊ ಕಡೆ ಇರೋ ನಮ್ಮೋರು ಈ ಹಕ್ಕನ್ನ ಗೊತ್ತಿಟ್ಕೊಂಡಿರೋದು ಒಳ್ಳೇದು. ಗಮನಿಸಿ, "ಯಾಕೆ" ಅಂತ ಹೇಳ್ಬೇಕು ಅಂತ ಅಲ್ಲೂ ಇಲ್ಲ, "ಏನಾಯ್ತು" ಅಷ್ಟೇ.

ಯಾಕೆ ಅಂತ ಹೇಳಲ್ಲ ಅನ್ನೋದು ನಂಗೆ ಅರ್ಥ ಆಗಿದ್ದು ಆ ಕಡೆ ಕುರ್ಚೀಲಿ ಕೂತ ಮೇಲೆ. ಕೊನೆಗೂ ಕೆಲ್ಸ ಸಿಕ್ತು, ಹನ್ನೊಂದು ಜನರ ಕಂಪನಿ, ಸೇರಿ ಆರು ತಿಂಗಳಿಗೆ ನನ್ನ ತಂಡಕ್ಕೇ ಒಬ್ರು ಬೇಕು ಅಂತ ಪೋಸ್ಟ್ ಹಾಕೋ ಸರದಿ ಬಂತು. ಎರಡು ದಿನಕ್ಕೆ ನಾನೂರು ಚಿಲ್ಲರೆ ಬಂದ್ವು, ಒಂದೇ ಬಟನ್ ಒತ್ತಿ ಕಳ್ಸೋ ಸೌಕರ್ಯ ಇದ್ಯಲ್ಲ, ಅದ್ರ ಮಹಿಮೆ. ಓದೋರು ಇಬ್ರು, ನಾನು ಮತ್ತೆ ನಮ್ಮ ಫೌಂಡರ್ರು, ಅದೂ ರಾತ್ರಿ ಊಟ ಆದ್ಮೇಲೆ. ಮೊದಲ ಅರವತ್ತು ಎಪ್ಪತ್ತರಲ್ಲೇ ಚೆನ್ನಾಗಿರೋ ಎಂಟು ಜನ ಸಿಕ್ಕಿದ್ರು, ಅಲ್ಲಿಗೆ ನಿಲ್ಸಿದ್ವಿ. ಇನ್ನುಳಿದ ಮುನ್ನೂರಕ್ಕೂ ಮೇಲೆ ಜನ ಕೆಟ್ಟೋರಾ ಒಳ್ಳೇಯೋರಾ ನಂಗೆ ಇವತ್ತಿಗೂ ಗೊತ್ತಿಲ್ಲ, ಓದೇ ಇಲ್ಲ. ಅವರಿಗೆ ಹೇಳೋಕೆ ನನ್ನ ಹತ್ರ ಕಾರಣಾನೇ ಇರ್ಲಿಲ್ಲ. ನಾಚಿಕೆ ಆಗುತ್ತೆ ಹೇಳ್ಕೊಳ್ಳೋಕೆ, ಆದ್ರೆ ಐದು ತಿಂಗಳು ನಾನು ಯಾವುದನ್ನ ಬೈಕೊಂಡಿದ್ನೋ ಅದನ್ನೇ ಮಾಡಿದ್ದೆ. ಕಾರಣ ಬರೆದ್ರೆ ವಾದಕ್ಕೆ ಬರ್ತಾರೆ, ಕೇಸ್ ಹಾಕ್ತಾರೆ ಅನ್ನೋ ಭಯ ಒಂದು ಕಡೆ, ಬರೆದ್ರೆ ಲಾಭ ಏನೂ ಇಲ್ಲ ಅನ್ನೋದು ಇನ್ನೊಂದು ಕಡೆ. ಕುಡೋಸು ಕೊಡೋರು ಯಾರೂ ಇಲ್ವಲ್ಲ ಇಲ್ಲಿ.

ಹಾಗಾದ್ರೆ ಉತ್ತರ ಬರದೇ ಇರೋ ಕಡೆ ತಾಳ ತಪ್ಪಿದ್ದೆಲ್ಲಿ ಅಂತ ಹುಡ್ಕೋದು ಹೆಂಗೆ? ಗುರುತು ನಾವೇ ಹಾಕ್ಕೋಬೇಕು. ಕೆಲ್ಸ ಹುಡುಕ್ತಿದ್ದಾಗ ನಾನು ಮಾಡಿದ್ದು ಒಂದು ಶೀಟು. ಕಂಪನಿ, ಯಾವ ಸೈಟು, ಯಾವ ರೆಸ್ಯೂಮೆ ಕಳ್ಸಿದ್ದು, ಪೋಸ್ಟ್ ಬಂದು ಎಷ್ಟು ದಿನಕ್ಕೆ ಕಳ್ಸಿದ್ದು, ಎಲ್ಲಿ ನಿಂತಿತು. ಎಲ್ಲಿ ನಿಂತಿತು ಅನ್ನೋ ಕಾಲಮ್ಮೇ ಜೀವ. ಅರವತ್ತು ಕಳ್ಸಿ ಒಂದೂ ಫೋನ್ ಬರ್ಲಿಲ್ಲ ಅಂದ್ರೆ ನಿಮ್ಮ ಕೋಡಿಂಗ್ ಬಗ್ಗೆ ಯಾರೂ ಏನೂ ಹೇಳಿಲ್ಲ, ಹೇಳೋ ತನಕ ನೀವು ಹೋಗೇ ಇಲ್ಲ, ತಪ್ಪಿರೋದು ರೆಸ್ಯೂಮೆಲಿ, ಇಲ್ಲಾ ನೋಟಿಸ್ ಪೀರಿಯಡ್ಡಲ್ಲಿ, ಇಲ್ಲಾ ತಡವಾಗಿ ಕಳ್ಸಿದ್ರಲ್ಲಿ. ಇದು ಬ್ಲೂಟೂತ್ ಜಾತಿ, ಪ್ರತಿ ಸಲ ಒಂದೇ ಅಳತೆಗೆ ತಪ್ತಿದೆ, ಒಂದನ್ನ ಹೊಂದಿಸಿದ್ರೆ ಎಲ್ಲಾ ಸರಿಹೋಗಬಹುದು. ಮೊದಲ ಸುತ್ತು ಚೆನ್ನಾಗಾಗಿ ಎರಡನೇದು ತಡವರಿಸಿ ಮೂರನೇದ್ರಲ್ಲಿ ಬಿದ್ರೆ ಅದು ಅತ್ತೆ ಹೇಳಿದ ಜಾತಿ, ಜಾರ್ತಿದೀರಿ, ತಯಾರಿ ಮಾಡೋ ರೀತೀನೇ ಬದಲಾಗ್ಬೇಕು. ಒಂದು ಕಡೆ ಮೊದಲ ಫೋನಲ್ಲೇ ಬೇಡ, ಇನ್ನೊಂದು ಕಡೆ ಆಫರ್ ತನಕ ಹೋಗಿ ಕೈ ತಪ್ಪಿತು, ಮತ್ತೊಂದು ಕಡೆ ಎರಡನೇ ಸುತ್ತಲ್ಲಿ ನಿಂತಿತು ಅಂದ್ರೆ ಅಡ್ಡಾದಿಡ್ಡಿ ಜಾತಿ, ಅದ್ರಲ್ಲಿ ನಿಮ್ಮ ತಪ್ಪು ಹುಡುಕಿ ತಲೆ ಕೆಡಿಸ್ಕೊಬೇಡಿ, ಕಳಿಸ್ತಾ ಇರಿ. ನನ್ನ ಶೀಟು ಹೇಳಿದ್ದು ಮೊದಲ್ನೇದು. ಪೋಸ್ಟ್ ಬಂದ ಮೊದಲ ದಿನವೇ ಕಳ್ಸಿದವಕ್ಕೆ ಮಾತ್ರ ಫೋನ್ ಬಂದಿತ್ತು, ವಾರ ಬಿಟ್ಟು ಕಳ್ಸಿದ್ದೆಲ್ಲ ನೀರಲ್ಲಿಟ್ಟ ಹೋಮ. ಮೇಲೆ ಹೇಳಿದ ನಾನೂರರ ಕತೆ ನೆನಪಿಸ್ಕೊಂಡ್ರೆ ಯಾಕೆ ಅಂತ ಬೇರೆ ಹೇಳ್ಬೇಕಿಲ್ಲ.

ಆಫರ್ ಬಂದ ಮೇಲೂ ಒಂದು ಮಾತು, ಕಾರ್ಡಿನ ಮೇಲಿರೋ ಪಾಲಿನ ಅಂಕಿ ಗೇಮಿನ ಸ್ಕೋರ್ ಥರ ಹೊಳೀತಿರುತ್ತೆ, ಮರುಳಾಗಬೇಡಿ. ಆ ಪಾಲನ್ನ ಸಾಮಾನ್ಯವಾಗಿ ಈಸಾಪ್ ಅಂತ ಕೊಡ್ತಾರೆ. ಈಸಾಪ್ ಅಂದ್ರೆ ಷೇರಲ್ಲ, ಮುಂದೆ ಒಂದು ಗೊತ್ತಾದ ಬೆಲೆಗೆ ಷೇರು ಕೊಳ್ಳೋ ಹಕ್ಕು. ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಕಂತು ಕಂತಾಗಿ ಕೈಗೆ ಬರುತ್ತೆ, ಭಾರತದ ಕಂಪನಿ ಕಾನೂನಿನ ಪ್ರಕಾರ ಮೊದಲ ಒಂದು ವರ್ಷ ಏನೂ ಬರೋ ಹಾಗಿಲ್ಲ. ಒಂದು ಲೆಕ್ಕ ನೋಡಿ. 1,000 ಆಪ್ಶನ್, ಅಂದ್ರೆ ಸಾವಿರ ಷೇರು ಕೊಳ್ಳೋ ಹಕ್ಕು ಇದೆ, ಕೊಳ್ಳೋ ಬೆಲೆ 10 ರೂಪಾಯಿ, ನೀವು ಕೊಳ್ಳೋ ದಿನ ಅದರ ಮೌಲ್ಯ 500 ಅಂತ ಗೊತ್ತು ಮಾಡಿದಾರೆ. ವ್ಯತ್ಯಾಸ 490, ಸಾವಿರಕ್ಕೆ 4,90,000 ರೂಪಾಯಿ, ಅದನ್ನ ಆ ವರ್ಷದ ಸಂಬಳದ ಥರಾನೇ ಎಣಿಸ್ತಾರೆ. 30 ಪರ್ಸೆಂಟಿನ ಸ್ಲ್ಯಾಬಲ್ಲಿದ್ರೆ 1,47,000 ಟ್ಯಾಕ್ಸು, ಮೇಲೆ ಸೆಸ್ಸು. ಕೈಗೆ ಬಂದಿದ್ದು ಎಷ್ಟು? ಸೊನ್ನೆ, ಯಾಕಂದ್ರೆ ಆ ಷೇರು ಮಾರೋಕೆ ಮಾರ್ಕೆಟ್ಟೇ ಇಲ್ಲ ಇನ್ನೂ. 2020ರ ಬಜೆಟ್ಟಲ್ಲಿ ಈ ಟ್ಯಾಕ್ಸನ್ನ ಮುಂದೂಡೋ ಅವಕಾಶ ಬಂತು, ಆದ್ರೆ ಅದು ಸರ್ಕಾರದಿಂದ ವಿಶೇಷ ಸರ್ಟಿಫಿಕೇಟ್ ಪಡೆದ ಸ್ಟಾರ್ಟಪ್ಪುಗಳಿಗೆ ಮಾತ್ರ, ಕೆಲ್ಸ ಬಿಟ್ರೆ ಆಗಲೇ ಕಟ್ಟೋ ಹೊತ್ತು ಬಂದುಬಿಡುತ್ತೆ. ಹಾಗಾಗಿ ಕೇಳಬೇಕಾದ್ದು ನಾಲ್ಕು: ಕಂಪನಿಲಿ ಒಟ್ಟು ಷೇರೆಷ್ಟು, ಕೊಳ್ಳೋ ಬೆಲೆ ಎಷ್ಟು, ಕೆಲ್ಸ ಬಿಟ್ಟ ಮೇಲೆ ಕೊಳ್ಳೋಕೆ ಎಷ್ಟು ದಿನ ಟೈಮು, ಆ ಸರ್ಟಿಫಿಕೇಟ್ ಇದೆಯಾ. ಉತ್ತರ ಕೊಡೋಕೆ ಮುಖ ಸಿಂಡರಿಸಿದ್ರೆ ಅದೂ ಒಂದು ಉತ್ತರಾನೇ.

ಕಂಪನಿ ಬಗ್ಗೆ ರಿವ್ಯೂ ಓದೋವಾಗಲೂ ಗೇಮಿನ ಪಾಠ ಕೆಲ್ಸಕ್ಕೆ ಬರುತ್ತೆ. ರೇಟಿಂಗ್ ಬರೆಯೋರು ಸಿಟ್ಟಾದೋರು ಇಲ್ಲಾ ಖುಷಿಯಾದೋರು, ಮಧ್ಯದಲ್ಲಿರೋರು ಬರೆಯೋದೇ ಇಲ್ಲ. ಗ್ಲಾಸ್‌ಡೋರಿನೋರು ಇದಕ್ಕೇ ಒಂದು ಉಪಾಯ ಮಾಡಿದ್ರು, ಬೇರೆಯೋರ ರಿವ್ಯೂ ಪೂರ್ತಿ ಓದ್ಬೇಕಾದ್ರೆ ನೀವೂ ಒಂದು ಬರೀಬೇಕು, ಹಾಗಾಗಿ ಸುಮ್ನೆ ಇರೋರೂ ಬರೆಯೋ ಹಾಗಾಯ್ತು. ಗೂಗಲ್ ಪ್ಲೇನೋರು 2019ರಲ್ಲಿ ಹೊಸ ರೇಟಿಂಗುಗಳಿಗೆ ಹೆಚ್ಚು ತೂಕ ಕೊಡೋಕೆ ಶುರು ಮಾಡಿದ್ರು, ಸರಿ ಮಾಡಿದ ಮೇಲೂ ಹಳೇ ಬೈಗುಳ ಆ್ಯಪಿನ ಕುತ್ತಿಗೆಗೆ ನೇತಾಡ್ತಾ ಇರ್ಬಾರ್ದು ಅಂತ. ಕಂಪನಿ ರಿವ್ಯೂಲೂ ನಾನು ನಕ್ಷತ್ರ ನೋಡಲ್ಲ, ತಾರೀಕು ನೋಡ್ತೀನಿ, ಆಮೇಲೆ ಜಾಗ ಹೇಳಿರೋ ಸಾಲು ಹುಡುಕ್ತೀನಿ. "ಟಾಕ್ಸಿಕ್ ಕಲ್ಚರ್" ಅಂದ್ರೆ ಏನೂ ತಿಳಿಯಲ್ಲ. "ಅಪ್ರೈಸಲ್ ಪ್ರತಿ ವರ್ಷ ಮೂರು ತಿಂಗಳು ಮುಂದಕ್ಕೆ ಹೋಗುತ್ತೆ" ಅಂದ್ರೆ, ಹಾ, ಇದು ಅತ್ತೆ ಥರದ ಮನುಷ್ಯ.

ಈಗ ನಮ್ಮ ಕಂಪನಿಲಿ ಸಣ್ಣದೊಂದು ಬದಲಾವಣೆ ಮಾಡಿದೀವಿ, ಇನ್ನೂರು ಅರ್ಜಿ ಬಂದ ಕೂಡ್ಲೇ ಪೋಸ್ಟ್ ಮುಚ್ತೀವಿ, ಬೇಡ ಅಂದೋರಿಗೆ ಯಾವ ಹಂತದಲ್ಲಿ ನಿಂತಿತು ಅಂತ ಒಂದು ಸಾಲು ಹೋಗುತ್ತೆ. ಓದಿಲ್ಲ ಅಂದ್ರೆ "ಓದೋಕಾಗ್ಲಿಲ್ಲ" ಅಂತಲೇ ಹೋಗುತ್ತೆ, ಫೌಂಡರ್ರಿಗೆ ಇದು ಅಷ್ಟು ಇಷ್ಟ ಇಲ್ಲ. ಒಬ್ಬ ಹುಡುಗ ಅದಕ್ಕೆ ತಿರುಗಿ ಬರೆದಿದ್ದ, "ಹಾಗಾದ್ರೆ ಮುಂದಿನ ಸಲ ಎಷ್ಟು ಗಂಟೆಗೆ ಹಾಕ್ತೀರ ಹೇಳಿ ಸರ್, ಎದ್ದಿರ್ತೀನಿ" ಅಂತ.

ಗೇಮಿಗೆ ಮೊನ್ನೆ ಖಂಡಛಾಪು ಸೇರ್ಸಿದೆ, ಎರಡು ಮೂರು ಅಂತ ಐದು ಅಕ್ಷರದ್ದು. ಇಪ್ಪತ್ತು ಜನ ಚೆನ್ನಾಗಿದೆ ಅಂದ್ರು. ರಾತ್ರಿ ಮೈಸೂರಿಂದ ಮೆಸೇಜ್ ಬಂತು: "ಮೂರನೇ ಆವರ್ತ, ನಾಲ್ಕನೇ ಅಕ್ಷರ. ನೋಡು." ಇನ್ನೂ ನೋಡ್ತಾನೇ ಇದೀನಿ.